ಗುಲಾಬಿಯ ಅಚ್ಚೇರು

ನಾನು ಒಂದು ಅಚ್ಚೇರು. ಅಂದರೆ ಅರ್ಧ ಸೇರು ಹಿಡಿಯುವ ಹಿತ್ತಾಳೆಯ ಅಳತೆ ಪಾತ್ರೆ. ಈಗಿನವರಿಗೆ ಕೆಜಿ, ಗ್ರಾಂ ಬಿಟ್ಟರೆ ಬೇರೆ ಗೊತ್ತಿಲ್ಲ. ನನ್ನನ್ನು ಕಂಡರೆ ಪೆನ್ನು ಪೆನ್ಸಿಲ್ ಇಡುವ ಡಬ್ಬ ಅಂದುಕೊಳ್ಳುತ್ತಾರೆ. ಅಂದುಕೊಳ್ಳಲಿ. ನಾನು ಹುಟ್ಟಿದ್ದು ಅಳೆಯುವುದಕ್ಕೆ, ಅದರಲ್ಲೂ ಕುದುರೆಗಳ ಹುರುಳಿ ಅಳೆಯುವುದಕ್ಕೆ. ಎಪ್ಪತ್ತು ವರ್ಷದಿಂದ ಅದೇ ಕೆಲಸ ಮಾಡುತ್ತಿದ್ದೇನೆ, ನಡುವೆ ಒಂದೂವರೆ ವರ್ಷ ಬಿಟ್ಟು. ಆ ಒಂದೂವರೆ ವರ್ಷದ ಕಥೆಯನ್ನೂ ಮುಚ್ಚಿಡುವುದಿಲ್ಲ.

ನಾಗಮಂಗಲದ ಕಂಚುಗಾರ ಚೆಲುವಾಚಾರಿ ನನ್ನನ್ನು ಎರಕ ಹೊಯ್ದವರು. ಒಂದು ಸೋರುವ ಬಿಂದಿಗೆ, ಎರಡು ಮುರುಕು ದೀಪ, ನಾಲಿಗೆ ಕಳೆದುಕೊಂಡ ಒಂದು ಗಂಟೆ, ಇಷ್ಟೂ ಮೂಸೆಯಲ್ಲಿ ಕರಗಿ ನಾನಾದೆ. ಆ ಗಂಟೆಯ ಗುಣ ಇನ್ನೂ ನನ್ನಲ್ಲಿ ಉಳಿದಿದೆ. ಅಂಚನ್ನು ಕಲ್ಲಿಗೆ ತಟ್ಟಿದರೆ ಟಣ್ಣೆಂದು ದೂರದವರೆಗೆ ಕೇಳಿಸುತ್ತೇನೆ. ಆಚಾರಿಗಳು ನನ್ನೊಳಗೆ ರಾಗಿ ತುಂಬಿ, ತಮ್ಮ ತಂದೆಯ ಕಾಲದ ಅಳತೆಗೆ ಸುರಿದು ನೋಡಿದರು. ಒಂದು ಚಿಟಿಕೆ ಕಡಿಮೆ ಬಿತ್ತು. ಒಳಗೆ ಹೆರೆದರು, ಮತ್ತೆ ಅಳೆದರು. ಹೀಗೆ ಒಂದು ಬೆಳಗ್ಗೆಯೆಲ್ಲ ಅಳೆದೂ ಸುರಿದೂ ಕೊನೆಗೆ ಕಾಳಿಗೆ ಕಾಳು ಸರಿಹೋಯಿತು. ಅಂದಿನಿಂದ ನನಗೆ ಸ್ವಲ್ಪ ಜಂಬ. ತಪ್ಪದವನು ಎಂಬ ಜಂಬ.

ನನ್ನನ್ನು ಕೊಳ್ಳಲು ಬಂದವರು ಮೈಸೂರಿನ ಮಂಡಿ ಮೊಹಲ್ಲಾದ ಟಾಂಗಾ ಹುಸೇನ್ ಸಾಬರು. ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, "ಆಚಾರ್ರೇ, ನನ್ ಕುದುರೆ ದಿನಾ ಮೈಸೂರೆಲ್ಲ ಎಳೀತದೆ. ಇದನ್ನ ಒಂಚೂರು ದೊಡ್ಡದಾಗಿ ಮಾಡ್ಕೊಡಬಾರ್ದಾಗಿತ್ತಾ?" ಅಂದರು.

ಆಚಾರಿಗಳು ತಲೆ ಎತ್ತಲಿಲ್ಲ. "ಅಳತೆ ಅಂದ್ರೆ ಅಳತೆ ಸಾಬ್ರೇ. ಹೆಚ್ಗೆ ಕೊಡ್ಬೇಕು ಅನ್ನಿಸ್ತಾ, ದೇವ್ರು ಕೈ ಕೊಟ್ಟವ್ನೆ. ಕೈಯಲ್ಲಿ ಕೊಡಿ."

ಸಾಬರಿಗೆ ಈ ಮಾತು ಹಿಡಿಸಿಬಿಟ್ಟಿತು. ನಮ್ಮ ಕಡೆ ಸೊಪ್ಪು ಕೊಂಡರೂ ಸರಿ, ಕಡಲೆಕಾಯಿ ಕೊಂಡರೂ ಸರಿ, ಅಳತೆ ಮುಗಿದ ಮೇಲೆ ಒಂದು ಹಿಡಿ ಹೆಚ್ಚಿಗೆ ಹಾಕಿಸಿಕೊಳ್ಳದೆ ಯಾರೂ ಏಳುವುದಿಲ್ಲ. ಅದಕ್ಕೆ ಕೊಸರು ಅನ್ನುತ್ತಾರೆ. ಸಾಬರು ಅದನ್ನು ಕುದುರೆಗೂ ತಂದರು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನನ್ನ ತುಂಬ ಹುರುಳಿ ಅಳೆದು, ಅಂಗೈಯಿಂದ ತಲೆ ಸವರಿ ಸಮ ಮಾಡಿ ಬಾನಿಗೆ ಸುರಿಯುವರು. ಆಮೇಲೆ ಚೀಲಕ್ಕೆ ಕೈ ಹಾಕಿ ಒಂದು ಹಿಡಿ ತೆಗೆದು ಕುದುರೆಯ ಬಾಯಿಗೇ ಕೊಡುವರು. "ಅಳತೆ ಹೊಟ್ಟೆಗೆ, ಕೊಸರು ಮನಸ್ಸಿಗೆ" ಅನ್ನುವರು.

ಅವರ ಲಾಯದಲ್ಲಿ ನಾನು ನಾಲ್ಕು ಕುದುರೆಗಳನ್ನು ಕಂಡೆ. ವಯಸ್ಸಾಯಿತೆಂದು ಒಂದನ್ನೂ ಮಾರಲಿಲ್ಲ. ಗಾಡಿ ಎಳೆಯಲಾಗದ ದಿನ ಬಂದರೂ ನಾನು ತುಂಬುವುದು ನಿಲ್ಲಲಿಲ್ಲ. ಹುಸೇನ್ ಸಾಬರು ತಾವೇ ಹಾಸಿಗೆ ಹಿಡಿದಾಗ ಮಗ ಗೌಸ್ ಪೀರನನ್ನು ಕರೆದು ಹೇಳಿದ್ದು ಒಂದೇ ಮಾತು. "ನಮ್ ಲಾಯದ ಕುದ್ರೆ ಹಸ್ಕೊಂಡು ಸಾಯಬಾರ್ದು. ಇದೊಂದು ಉಳಿಸ್ಕೊ." ನಾನು ಆಗ ಕಿಟಕಿಯ ಮೇಲಿದ್ದೆ. ಆ ಮಾತಿನಲ್ಲಿ ನನ್ನದೂ ಪಾಲಿದೆ ಅಂದುಕೊಂಡೆ.

ಗೌಸ್ ಪೀರ್ ಅಪ್ಪನಿಗಿಂತ ಮಾತು ಕಡಿಮೆ, ಕೈ ಮಾತ್ರ ಅದೇ. ಗುಲಾಬಿ ಅವನ ಕುದುರೆ. ನಾಲ್ಕು ವರ್ಷದ ಹೆಣ್ಣು ಕುದುರೆಯಾಗಿ ಬಂದಳು. ಮೈಯೆಲ್ಲ ಬಿಳಿ, ಮೂಗಿನ ಮೇಲೊಂದು ಗುಲಾಬಿ ಬಣ್ಣದ ಮಚ್ಚೆ. ಅದಕ್ಕೇ ಆ ಹೆಸರು. ಅವನು ಹುರುಳಿ ತುಂಬುವ ಮೊದಲು ನನ್ನನ್ನು ಕಲ್ಲುಬಾನಿಯ ಅಂಚಿಗೆ ಎರಡು ಸಲ ತಟ್ಟುತ್ತಿದ್ದ. ಟಣ್, ಟಣ್. ಗುಲಾಬಿ ಎಲ್ಲಿದ್ದರೂ ಕಿವಿ ನಿಮಿರಿಸಿ ಬರುವಳು. ನಾನು ಖಾಲಿಯಾದ ಮೇಲೂ ಮೂತಿ ತೂರಿಸಿ ತಳ ನೆಕ್ಕುವಳು. ನನ್ನ ಒಳಮೈ ಹೊಳೆಯುತ್ತಿದ್ದುದು ಹುಣಸೆಹಣ್ಣಿನಿಂದಲ್ಲ, ಅವಳ ನಾಲಿಗೆಯಿಂದ. ಹದಿನಾರು ವರ್ಷ ಹೀಗೇ ನಡೆಯಿತು. ಅವಳು ಒಂದು ಕಾಳನ್ನೂ ಬಿಟ್ಟವಳಲ್ಲ.

ಆಮೇಲೆ ಒಂದು ದಿನ ಗೌಸ್ ಪೀರ್ ಟಾಂಗಾದ ಮೆಟ್ಟಿಲಿನಿಂದ ಕಾಲು ಜಾರಿ ಬಿದ್ದ. ಸೊಂಟದ ಮೂಳೆ ಮುರಿಯಿತು. ಮಗಳು ನಸೀಮಾ ಚನ್ನಪಟ್ಟಣದಿಂದ ಬಂದು ಅಪ್ಪನನ್ನು ತನ್ನ ಮನೆಗೆ ಕರೆದೊಯ್ಯಲು ಹೊರಟಳು. ಬೊಂಬೆಗೆ ಬಣ್ಣ ಹಾಕುವ ಒಂದು ಕೋಣೆಯ ಮನೆ ಅದು. ಕುದುರೆಗೆ ಅಲ್ಲಿ ಜಾಗವೆಲ್ಲಿ? ಮದುವೆ ಮೆರವಣಿಗೆಗೆ ಕುದುರೆ ಬಾಡಿಗೆಗೆ ಕೊಡುವ ಕೆಂಪರಾಜು ಎಂಬವನು ನೋಡಿಕೊಳ್ಳುತ್ತೇನೆಂದು ಒಪ್ಪಿದ. ಗೌಸ್ ಪೀರ್ ಮಂಚದ ಮೇಲಿಂದಲೇ ನನ್ನನ್ನು ಅವನ ಕೈಗೆ ಕೊಟ್ಟ. "ದಿನಕ್ಕೆ ಎರಡು ಸಲ, ಇದರ ತುಂಬ. ಆಮೇಲೆ ಒಂದು ಹಿಡಿ. ಮರೀಬೇಡಪ್ಪ." ಕೆಂಪರಾಜು ತಲೆಯಾಡಿಸಿದ.

ಅವನನ್ನು ರಾಕ್ಷಸ ಅನ್ನಲಾರೆ. ಅವನು ಮರೆತ, ಅಷ್ಟೆ. ಮೊದಲ ತಿಂಗಳು ನಾನು ತುಂಬಿದೆ. ಎರಡನೆಯ ತಿಂಗಳು ಸಂಜೆಯದು ನಿಂತಿತು. ಮಳೆಗಾಲ ಬಂತು, ಮದುವೆಗಳಿಲ್ಲ. ಗುಲಾಬಿಗೆ ಮಂಡಿ ಊದಿತು, ಮೆರವಣಿಗೆಯಲ್ಲಿ ನಿಲ್ಲಲಾಗಲಿಲ್ಲ. ಒಂದು ಬೆಳಿಗ್ಗೆ ಅವನು ಹಗ್ಗ ಬಿಚ್ಚಿ, "ಎಲ್ಲಾದ್ರೂ ಮೇಯ್ಕೊ ಹೋಗು" ಅಂದ. ಅವಳು ಹೋದಳು. ನನ್ನೊಳಗೆ ಯಾರೋ ತುಕ್ಕು ಹಿಡಿದ ಬೋಲ್ಟು, ನಟ್ಟು ತುಂಬಿ ಶೆಡ್ಡಿನ ಮೂಲೆಗಿಟ್ಟರು. ಒಂದೂವರೆ ವರ್ಷ ನಾನು ಕಬ್ಬಿಣ ಹೊತ್ತುಕೊಂಡು ಕೂತೆ. ಅವಳ ಗತಿ ಏನಾಯಿತೋ ನನಗೆ ತಿಳಿಯಲಿಲ್ಲ. ತಿಳಿಯದೆ ಇರುವುದೇ ದೊಡ್ಡ ಶಿಕ್ಷೆಯಾಗಿತ್ತು.

ಅವಳು ಎಲ್ಲೂ ದೂರ ಹೋಗಿರಲಿಲ್ಲ. ರಿಂಗ್ ರೋಡಿನ ಪಕ್ಕದ ಖಾಲಿ ಸೈಟುಗಳಲ್ಲಿ ಕಸದ ರಾಶಿ ಕೆದಕುತ್ತಿದ್ದಳಂತೆ. ಸಿಟಿ ಬಸ್ಸಿನ ಕಂಡಕ್ಟರ್ ಸಿದ್ದಪ್ಪಾಜಿ ದಿನಾ ಬಸ್ಸಿನಿಂದ ಅವಳನ್ನು ನೋಡುತ್ತಿದ್ದ. ಪಕ್ಕೆಲುಬು ಎಣಿಸುವ ಹಾಗಿದ್ದವಂತೆ. ಕತ್ತರಿಸುವವರಿಲ್ಲದೆ ಗೊರಸು ಬೆಳೆದು, ಮೇಲಕ್ಕೆ ಸುರುಳಿ ಸುತ್ತಿ ಹಳೇ ಕಾಲದ ಚಡಾವು ಜೋಡಿನ ಮೂತಿಯ ಹಾಗಾಗಿದ್ದವಂತೆ. ಸಿದ್ದಪ್ಪಾಜಿ ಬಿಡುವಿನ ದಿನ ಹೋಗುತ್ತಿದ್ದ ಒಂದು ಜಾಗವಿತ್ತು. ವರುಣಾ ಕಾಲುವೆಯ ಪಕ್ಕ, ಮುಚ್ಚಿಹೋದ ರೇಷ್ಮೆ ನೂಲಿನ ಶೆಡ್ಡೊಂದರಲ್ಲಿ ಎಂಟು ಜನ ಸೇರಿ ಯಾರಿಗೂ ಬೇಡವಾದ ಮುದಿ ಕುದುರೆಗಳನ್ನು ಸಾಕುತ್ತಿದ್ದರು. ಸಂಬಳದವರು ಒಬ್ಬರೂ ಇಲ್ಲ. ಬಿಡುವಾದಾಗ ಬಂದು ಸಗಣಿ ಬಾಚಿ, ನೀರಿಟ್ಟು, ಮೈ ಉಜ್ಜಿ ಹೋಗುವವರು. ಹತ್ತು ಜನ ಸೇರಿದಲ್ಲಿ ಹಾವು ಸಾಯುವುದಿಲ್ಲ ಅನ್ನುತ್ತಾರೆ. ಎಂಟು ಜನ ಸೇರಿದರೆ ಕುದುರೆ ಉಳಿಯುತ್ತದೋ ಇಲ್ಲವೋ, ಅದನ್ನು ನಾನು ಮುಂದೆ ನೋಡಬೇಕಾಯಿತು.

ಅವರು ಗುಲಾಬಿ ಯಾರ ಕುದುರೆಯೆಂದು ವಿಚಾರಿಸಿಕೊಂಡು ಕೆಂಪರಾಜುವಿನ ಶೆಡ್ಡಿಗೆ ಬಂದರು. "ಬೇಕಾದ್ರೆ ತಗೊಂಡೋಗಿ ಸಾರ್" ಅಂದ ಅವನು, ಹಳೇ ಲಗಾಮು ಹುಡುಕಿಕೊಟ್ಟ. ಲಗಾಮು ಎಳೆಯುವಾಗ ನಾನು ಉರುಳಿ ಚಪ್ಪಡಿಗೆ ಬಡಿದೆ. ಬೋಲ್ಟುಗಳೆಲ್ಲ ಚೆಲ್ಲಿದವು. ಟಣ್. ರಸ್ತೆಯಾಚೆ ತಲೆ ಜೋತು ನಿಂತಿದ್ದ ಗುಲಾಬಿ ಕಿವಿ ಎತ್ತಿದಳು. ಆ ಗೊರಸು ಎಳೆಯುತ್ತ, ನಿಂತು ನಿಂತು, ಶೆಡ್ಡಿನ ಬಾಗಿಲವರೆಗೆ ನಡೆದು ಬಂದಳು. ನನ್ನೊಳಗೆ ಮೂತಿ ತೂರಿಸಿದಳು. ತುಕ್ಕಿನ ವಾಸನೆ ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ. ಬದುಕಿನಲ್ಲಿ ನಾನು ಅಷ್ಟು ನಾಚಿಕೆಪಟ್ಟ ದಿನ ಬೇರೆಯಿಲ್ಲ.

"ಇದು ಅವಳದೇ ಇರ್ಬೇಕು ಕಣ್ರೀ" ಅಂದರು ಜೊತೆಗಿದ್ದ ವಿಮಲಾಕ್ಷಿ ಟೀಚರ್. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಲೆಕ್ಕ ಹೇಳಿ ನಿವೃತ್ತರಾದವರು. ನನ್ನನ್ನು ಸೆರಗಿನಿಂದ ಒರೆಸಿ ಚೀಲಕ್ಕೆ ಹಾಕಿಕೊಂಡರು.

ಶೆಡ್ಡಿನ ಹಿರಿಯರು ಡಾಕ್ಟರ್ ಮಂದಣ್ಣ. ಕೊಡಗಿನವರು, ನಿವೃತ್ತ ಪಶುವೈದ್ಯರು. ಗುಲಾಬಿಯ ಹಲ್ಲು ನೋಡಿ ಇಪ್ಪತ್ತೆರಡು ದಾಟಿದೆ ಅಂದರು. ಅವಳ ಕುತ್ತಿಗೆಯ ಚರ್ಮ ಹಿಡಿದೆಳೆದರು. ಅದು ಎಳೆದಲ್ಲೇ ನಿಂತಿತು. ಎಲ್ಲರನ್ನೂ ಸುತ್ತ ನಿಲ್ಲಿಸಿಕೊಂಡು ಹೇಳಿದರು. "ಹಸಿದ ಕುದುರೆಗೆ ಹೊಟ್ಟೆ ತುಂಬ ಹಾಕಿದ್ರೆ ಹಸಿವಿಗಿಂತ ಬೇಗ ಸಾಯ್ತದೆ. ಒಣಹುಲ್ಲು ಸ್ವಲ್ಪ ಸ್ವಲ್ಪ, ದಿನಕ್ಕೆ ಆರು ಸಲ. ನೆನೆಸಿದ ಹುರುಳಿ ಈ ಪಾತ್ರೆಯ ಕಾಲು ಭಾಗ, ಎರಡು ಹೊತ್ತು. ಒಂದು ಕಾಳು ಹೆಚ್ಚಿಲ್ಲ."

ಕಾಲು ಭಾಗ! ಹುಸೇನ್ ಸಾಬರ ಲಾಯದಲ್ಲಿ ತಲೆಯವರೆಗೆ ತುಂಬುತ್ತಿದ್ದವನು ನಾನು. ಆ ಡಾಕ್ಟರನ್ನು ಮನಸ್ಸಿನಲ್ಲೇ ಬೈದೆ. ಗುಲಾಬಿ ಆ ಕಾಲು ಪಾಲನ್ನು ಎರಡು ಬಾಯಿಗೆ ಮುಗಿಸಿ ನನ್ನನ್ನು ನೆಕ್ಕುತ್ತಲೇ ಇರುವಳು. ಬಾಗಿಲ ಹಲಗೆಯನ್ನು ಕಾಲಿನಿಂದ ಒದೆಯುವಳು. ಹೋಗುವವರ ಬರುವವರ ಕೈಯನ್ನೇ ನೋಡುವಳು. ಹಸಿದ ಕಣ್ಣನ್ನು ಎದುರಿಸುವುದು ಸುಲಭವಲ್ಲ.

ಮೂರನೆಯ ದಿನ ಬೆಳಿಗ್ಗೆ ಟೀಚರ್ ನನ್ನಲ್ಲಿ ಕಾಲು ಭಾಗ ಅಳೆದು ಸುರಿದರು. ಸುತ್ತ ನೋಡಿದರು. ಚೀಲಕ್ಕೆ ಕೈ ಹಾಕಿ ಒಂದು ಹಿಡಿ ಹುರುಳಿ ತೆಗೆದು ಅವಳ ಬಾಯಿಗೆ ಕೊಟ್ಟರು. "ಯಾರಿಗೂ ಹೇಳ್ಬೇಡ ಗುಲಾಬಿ" ಅಂದರು. ಕುದುರೆ ಯಾರಿಗೆ ಹೇಳೀತು!

ಮಧ್ಯಾಹ್ನ ಆ ಎಂಟು ಜನರಲ್ಲಿಬ್ಬರಾದ ಬೇಕರಿಯ ಗಂಡ ಹೆಂಡತಿ ಬಂದರು. ಗಂಡ ನೀರು ತರಲು ಹೋದಾಗ ಹೆಂಡತಿ ಒಂದು ಹಿಡಿ ಕೊಟ್ಟಳು. ಹೆಂಡತಿ ಹುಲ್ಲು ತರಲು ಹೋದಾಗ ಗಂಡ ಒಂದು ಹಿಡಿ ಕೊಟ್ಟ. ಸಂಜೆ ಖಾಕಿ ಅಂಗಿಯಲ್ಲೇ ಬಂದ ಸಿದ್ದಪ್ಪಾಜಿ, "ಇದು ಕೊಸರು ಕಣವ್ವ, ಲೆಕ್ಕಕ್ಕಿಲ್ಲ" ಅಂದ. ಎಲ್ಲರೂ ಅಳತೆಯನ್ನು ಮಾತ್ರ ತಪ್ಪದೆ ಅಳೆದರು. ಎಲ್ಲರೂ ತಾವೊಬ್ಬರೇ ಕದ್ದು ಕೊಡುತ್ತಿದ್ದೇವೆ ಅಂದುಕೊಂಡರು. ಎಲ್ಲರೂ ಅವಳ ಕಿವಿಯಲ್ಲಿ ಯಾರಿಗೂ ಹೇಳಬೇಡ ಅಂದರು. ಇದನ್ನೆಲ್ಲ ಕೇಳಿಸಿಕೊಂಡವನು ನಾನೊಬ್ಬನೇ.

ನನಗೆ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಹಳೆಯ ರೂಢಿ ಮರಳಿ ಬಂತು, ಗೌಸ್ ಪೀರನ ಕೈಯೇ ಎಂಟಾಗಿ ಬಂತು ಅಂದುಕೊಂಡೆ. ಅಳೆಯುವುದಕ್ಕೆಂದೇ ಹುಟ್ಟಿದವನು ಒಮ್ಮೆಯೂ ಆ ಹಿಡಿಗಳನ್ನು ಕೂಡಿಸಿ ನೋಡಲಿಲ್ಲ.

ಹನ್ನೆರಡನೆಯ ದಿನ ಬೆಳಿಗ್ಗೆ ಗುಲಾಬಿ ಬಾನಿಯ ಹತ್ತಿರ ಬರಲಿಲ್ಲ. ಮುಂಗಾಲನ್ನು ಮುಂದಕ್ಕೆ ಚಾಚಿ, ಭಾರವನ್ನೆಲ್ಲ ಹಿಂಗಾಲಿನ ಮೇಲೆ ಹಾಕಿ ನಿಂತಿದ್ದಳು. ಮೈ ನಡುಗುತ್ತಿತ್ತು. ಡಾಕ್ಟರ್ ಬಂದು ಗೊರಸು ಮುಟ್ಟಿದರು. ಒಲೆಯ ಮೇಲಿಟ್ಟ ಹಾಗೆ ಬಿಸಿ. ಕಾಳು ಅತಿಯಾದರೆ ಕುದುರೆಗೆ ಗೊರಸಿನ ಒಳಗೆ ಊತ ಬರುತ್ತದೆ. ಊದಲು ಅಲ್ಲಿ ಜಾಗವಿಲ್ಲ, ಸುತ್ತ ಗಟ್ಟಿ ಗೊರಸು. ಹಾಗಾಗಿ ನೋವು ತಡೆಯಲಾಗುವುದಿಲ್ಲ, ಕೆಲವು ಏಳುವುದೇ ಇಲ್ಲ. ಡಾಕ್ಟರ್ ಇದನ್ನು ಹೇಳಿ, ಅಂದು ಸಂಜೆ ಎಲ್ಲರೂ ಬರಬೇಕೆಂದರು.

ಎಂಟೂ ಜನ ಬಂದರು. ಡಾಕ್ಟರ್ ನನ್ನನ್ನು ಒಂದು ಸ್ಟೂಲಿನ ಮೇಲೆ ಇಟ್ಟು, ಪಕ್ಕದಲ್ಲಿ ಹುರುಳಿ ಚೀಲ ಬಿಚ್ಚಿಟ್ಟರು. "ಯಾರು ಎಷ್ಟು ಕೊಟ್ರಿ?"

ಎಲ್ಲರೂ ಚೀಲದ ಕಡೆ ನೋಡಿದರು. ಕೊನೆಗೆ ವಿಮಲಾಕ್ಷಿ ಟೀಚರ್ ಮುಂದೆ ಬಂದರು. "ನಾನು ದಿನಾ ಒಂದು ಹಿಡಿ ಕೊಟ್ಟಿದೀನಿ ಡಾಕ್ಟ್ರೇ." ಚೀಲದಿಂದ ಒಂದು ಹಿಡಿ ತೆಗೆದು ನನ್ನೊಳಗೆ ಹಾಕಿದರು. ಸಿದ್ದಪ್ಪಾಜಿ, "ನಾನೂವೆ" ಅಂದು ಒಂದು ಹಿಡಿ ಹಾಕಿದ. ಬೇಕರಿಯ ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡು ಒಂದೊಂದು ಹಾಕಿದರು. ಐದು, ಆರು, ಏಳು. ನಾನು ತುಂಬುತ್ತ ಬಂದೆ. ಡಾಕ್ಟರ್ ಮಂದಣ್ಣ ಅಂಗಿಯ ತೋಳು ಮಡಿಸಿದರು. ಆಮೇಲೆ ತಾವೂ ಚೀಲಕ್ಕೆ ಕೈ ಹಾಕಿದರು. "ನನ್ನದೂ ಒಂದು" ಅಂದರು. ಆ ಎಂಟನೆಯ ಹಿಡಿಗೆ ನಾನು ತುಂಬಿ, ಮೇಲೆ ಗೋಪುರ ಕಟ್ಟಿ, ಕಾಳು ನೆಲಕ್ಕೆ ಉದುರಿತು.

ಎಂಟು ಜನರ ಪ್ರೀತಿ ಎಷ್ಟಾಗುತ್ತದೆ ಎಂದು ನಾನು ಅಳೆದದ್ದು ಅದೊಂದೇ ಸಲ. ಕುದುರೆಯನ್ನು ಕೊಲ್ಲುವಷ್ಟಾಗುತ್ತದೆ. ಅತಿಯಾದರೆ ಅಮೃತವೂ ವಿಷ ಅನ್ನುವ ಮಾತನ್ನು ಎಷ್ಟೋ ಸಲ ಕೇಳಿದ್ದೆ. ಅಂದು ಅದನ್ನು ಹೊಟ್ಟೆ ತುಂಬ ಹೊತ್ತುಕೊಂಡೆ. ಟೀಚರ್ ಅಳುತ್ತಿದ್ದರು. ಡಾಕ್ಟರ್ ಒಂದು ಮೊಳೆ ತೆಗೆದು ನನ್ನ ಒಳಮೈಯಲ್ಲಿ, ಕಾಲು ಭಾಗದ ಮಟ್ಟಕ್ಕೆ, ಸುತ್ತಲೂ ಒಂದು ಗೀರು ಎಳೆದರು. ಚೆಲುವಾಚಾರಿಗಳ ಕೈ ಬಿಟ್ಟ ಮೇಲೆ ನನ್ನ ಮೈಯನ್ನು ಹೆರೆದದ್ದು ಅದೇ ಮೊದಲು. ನೋವಾಯಿತು, ಆದರೆ ಆಗಬೇಕಾದ್ದೇ.

ಅಂದಿನಿಂದ ಶುರುವಾಯಿತು ನಿಜವಾದ ಆರೈಕೆ. ಕಾಲುವೆಯ ತಣ್ಣೀರನ್ನು ಬಿಂದಿಗೆಯಲ್ಲಿ ತಂದು ಗೊರಸಿನ ಮೇಲೆ ಗಂಟೆಗಟ್ಟಲೆ ಸುರಿದರು. ಮೂಟೆ ಮೂಟೆ ಮರಳು ಹೊತ್ತು ತಂದು ಅವಳು ನಿಲ್ಲುವಲ್ಲಿ ಮೊಳದೆತ್ತರ ಹಾಸಿದರು. ಹಳೇ ಟಯರು ಕತ್ತರಿಸಿ ಗೊರಸಿಗೆ ಮೆತ್ತನೆಯ ಅಟ್ಟೆ ಕಟ್ಟಿದರು. ಅವಳು ಮಲಗಿದಲ್ಲೇ ಇದ್ದರೆ ಹುಣ್ಣಾಗುತ್ತದೆಂದು ನಾಲ್ಕು ಜನ ಸೇರಿ ಮಗ್ಗುಲು ತಿರುಗಿಸಿದರು. ಹುರುಳಿ ನಿಂತೇ ಹೋಯಿತು. ನೆನೆಸಿದ ಹುಲ್ಲು ಮಾತ್ರ. ಒಂದೂವರೆ ತಿಂಗಳು ನಾನು ಗೂಟಕ್ಕೆ ನೇತುಬಿದ್ದು ಅವಳ ಕಾಲುಗಳನ್ನೇ ನೋಡುತ್ತಿದ್ದೆ. ಒಂದು ದಿನ ಅವಳು ಬಲಗಾಲು ಎತ್ತಿ ಮುಂದಿಟ್ಟಳು. ಸಿದ್ದಪ್ಪಾಜಿ ಬಸ್ಸಿಗೆ ತಡವಾದರೂ ಎರಡನೆಯ ಹೆಜ್ಜೆ ನೋಡಿಯೇ ಹೋದ.

ಗೊರಸು ಸರಿಪಡಿಸಲು ಬರುತ್ತಿದ್ದವನು ಲಾಳ ಕಟ್ಟುವ ದಸ್ತಗೀರ್. ಸುರುಳಿ ಸುತ್ತಿದ ಗೊರಸನ್ನು ಒಂದೇ ಸಲ ಕತ್ತರಿಸುವಂತಿಲ್ಲ, ವಾರಕ್ಕಿಷ್ಟು ಎಂದು ತೆಗೆಯಬೇಕು. ಒಮ್ಮೆ ಕೆಲಸ ಮುಗಿಸಿ ಕೈ ತೊಳೆಯುವಾಗ ಗೂಟದ ಮೇಲೆ ನನ್ನನ್ನು ಕಂಡ. ಇಳಿಸಿ ತಿರುಗಿಸಿ ನೋಡಿದ. ಆಮೇಲೆ ಗುಲಾಬಿಯ ಮೂಗು ನೋಡಿದ. "ಅರೆ, ಇದು ಗೌಸ್ ಭಾಯ್ ಅಚ್ಚೇರು. ಇವಳು ಗುಲಾಬಿ" ಅಂದ. ನಾವೂ ಹಾಗೇ ಕರೆಯುವುದು ಅಂದರು ಟೀಚರ್. ಆ ಹೆಸರು ನಿಮಗೆ ಹೇಗೆ ಗೊತ್ತಾಯಿತು ಎಂದು ಅವನು ಕೇಳಿದ. ಮೂಗು ನೋಡಿ ನಾವೇ ಇಟ್ಟೆವು ಅಂದರು. ಆ ಮೂಗಿಗೆ ಬೇರೆ ಹೆಸರು ಯಾರು ತಾನೆ ಇಟ್ಟಾರು.

ದಸ್ತಗೀರನಿಂದ ಸುದ್ದಿ ತಿಳಿದು ಮರುವಾರವೇ ಗೌಸ್ ಪೀರ್ ಬಂದ. ಕೈಯಲ್ಲಿ ವಾಕರು, ಪಕ್ಕದಲ್ಲಿ ನಸೀಮಾ. ಗಡ್ಡವೆಲ್ಲ ಬೆಳ್ಳಗಾಗಿತ್ತು. ಕೆಂಪರಾಜು ಪ್ರತಿ ಸಲ ಫೋನಿನಲ್ಲಿ ಚೆನ್ನಾಗಿದ್ದಾಳೆ ಅನ್ನುತ್ತಿದ್ದನಂತೆ. ಗುಲಾಬಿ ಅವನನ್ನು ನೋಡಿ ಓಡಿ ಬರಲಿಲ್ಲ, ಓಡುವ ಕಾಲು ಅವಳಿಗಿರಲಿಲ್ಲ. ಮೂಗನ್ನು ಮಾತ್ರ ಅವನ ಎದೆಗೆ ಒತ್ತಿ ನಿಂತುಬಿಟ್ಟಳು. ಅವನು ಅವಳ ಪಕ್ಕೆ ಸವರಿದ, ಮಂಡಿ ಸವರಿದ, ಬಗ್ಗಲಾಗದೆ ನಸೀಮಾಳಿಂದ ಗೊರಸು ಎತ್ತಿಸಿ ನೋಡಿದ.

"ನಮ್ಮಪ್ಪಂಗೆ ಮಾತು ಕೊಟ್ಟಿದ್ದೆ" ಅಂದ. "ಹಸ್ಕೊಂಡು ಸಾಯಬಾರ್ದು ಅಂತ."

ವಿಮಲಾಕ್ಷಿ ಟೀಚರ್ ಏನನ್ನೂ ಮುಚ್ಚಿಡಲಿಲ್ಲ. "ಹಸಿವಿನಿಂದ ಉಳಿಸಿದ್ವಿ ಗೌಸಣ್ಣ, ಆಮೇಲೆ ನಾವೇ ತಿನ್ನಿಸಿ ಕೊಲ್ತಿದ್ವಿ" ಅಂದು ಕೊಸರಿನ ಕಥೆಯೆಲ್ಲ ಹೇಳಿದರು. ಬೈಯುತ್ತಾನೆ ಅಂದುಕೊಂಡಿದ್ದರು ಅನ್ನಿಸುತ್ತದೆ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚುತ್ತಿದ್ದರು.

ಅವನು ಜೇಬಿನಿಂದ ಕೈ ತೆಗೆದ. ಮುಷ್ಟಿಯಲ್ಲಿ ಹುರುಳಿಯಿತ್ತು. ಚನ್ನಪಟ್ಟಣದಿಂದ ಗುಲಾಬಿಗೆಂದು ತಂದ ಕೊಸರು. ಅದನ್ನು ನೋಡಿದ, ಅವಳನ್ನು ನೋಡಿದ, ಮೆಲ್ಲಗೆ ನನ್ನೊಳಗೆ ಸುರಿದುಬಿಟ್ಟ. ಖಾಲಿ ಕೈಯನ್ನು ಅವಳ ಜೂಲಿನ ಕೆಳಗೆ, ಕಿವಿಗಳ ನಡುವೆ ಇಟ್ಟು ಉಜ್ಜಿದ. ಅವಳು ಕಣ್ಣು ಮುಚ್ಚಿದಳು.

"ಅಮ್ಮಾ, ಕೊಸರು ಕೈಯಲ್ಲಿ ಕೊಡೋದು. ಕೈಯಲ್ಲಿ ಕಾಳು ಇರ್ಲೇಬೇಕು ಅಂತೇನಿಲ್ಲ."

ಹೆಚ್ಚಿಗೆ ಕೊಡಬೇಕೆನ್ನಿಸಿದರೆ ಕೈಯಲ್ಲಿ ಕೊಡಿ ಅಂದಿದ್ದರು ಚೆಲುವಾಚಾರಿಗಳು. ಆ ಮಾತು ಕೇಳಿದವರಲ್ಲಿ ಉಳಿದಿರುವವನು ನಾನೊಬ್ಬನೇ. ಅಂದಿನಿಂದ ಶೆಡ್ಡಿನಲ್ಲಿ ಅದೇ ಪದ್ಧತಿಯಾಯಿತು. ಹುರುಳಿ ಮತ್ತೆ ಶುರುವಾದಾಗ ಗೀರಿನವರೆಗೆ ನನ್ನನ್ನು ತುಂಬಿ ಸುರಿಯುವರು. ಚೀಲದ ಬಾಯಿ ಕಟ್ಟುವರು. ಆಮೇಲೆ ಜೂಲಿನ ಕೆಳಗೆ ಕೈಯಿಟ್ಟು, ನೂರು ಎಣಿಸುವವರೆಗೆ ಉಜ್ಜುವರು. ಹಾಗೆ ಎಣಿಸಲು ಹೇಳಿದವರು ಲೆಕ್ಕದ ಟೀಚರೇ ಅಂತ ಬೇರೆ ಹೇಳಬೇಕಿಲ್ಲ.

ಗುಲಾಬಿ ಒಂದು ವರ್ಷ ಚೆನ್ನಾಗಿಯೇ ಇದ್ದಳು. ಪಕ್ಕೆಲುಬು ಮುಚ್ಚಿದವು. ಬಿಳಿ ಕೂದಲಿಗೆ ಹೊಳಪು ಬಂತು. ಶೆಡ್ಡಿನಲ್ಲಿ ಕ್ಯಾಪ್ಟನ್ ಎಂಬ ಕುರುಡು ಗಂಡು ಕುದುರೆಯಿತ್ತು, ಒಂದು ಕಾಲದಲ್ಲಿ ರೇಸಿನಲ್ಲಿ ಓಡಿದ್ದು. ಅದು ಅವಳ ಬಾಲಕ್ಕೆ ಮೂಗು ತಾಗಿಸಿಕೊಂಡು ಹಿಂದೆ ಹಿಂದೆ ನಡೆಯುವುದು. ಇಬ್ಬರೂ ಕುಂಟುತ್ತ ಕಾಲುವೆಯ ದಂಡೆಯವರೆಗೆ ಹೋಗಿ ಹುಲ್ಲು ಮೇಯ್ದು ಬರುವರು. ಗೌಸ್ ಪೀರ್ ತಿಂಗಳಿಗೊಮ್ಮೆ ರೈಲಿನಲ್ಲಿ ಬಂದು, ಸ್ಟೂಲಿನ ಮೇಲೆ ಕೂತು ನನ್ನನ್ನು ಬಾನಿಗೆ ಎರಡು ಸಲ ತಟ್ಟುವನು. ಆದರೂ ಅವಳ ಕಣ್ಣಿನಲ್ಲಿ ಆ ಹಸಿವು ಪೂರ್ತಿ ಹೋಗಲಿಲ್ಲ. ದಿನವೂ ತಳ ನೆಕ್ಕಿ, ಗೀರಿನ ಮೇಲೆ ನಾಲಿಗೆ ಆಡಿಸಿ, ಮೇಲಿನ ಖಾಲಿ ಜಾಗವನ್ನೂ ಹುಡುಕುವಳು. ಇವಳು ಹೀಗೇ ಹೊಟ್ಟೆ ತುಂಬದೆ ಹೋಗಿಬಿಟ್ಟರೆ ಹುಸೇನ್ ಸಾಬರಿಗೆ ಕೊಟ್ಟ ಮಾತಿನ ಗತಿಯೇನು ಎಂದು ನನಗೆ ಚಿಂತೆಯಾಗುತ್ತಿತ್ತು. ಗೌಸ್ ಪೀರನಿಗೂ ಅದೇ ಚಿಂತೆಯಿದ್ದಿರಬೇಕು. ಹೊರಡುವಾಗ ಪ್ರತಿ ಸಲ ನನ್ನ ಗೀರನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿ ಹೋಗುತ್ತಿದ್ದ.

ಎರಡನೆಯ ಚಳಿಗಾಲದಲ್ಲಿ ಗೊರಸಿನ ಒಳಗಿನ ಮೂಳೆ ಕೆಳಕ್ಕೆ ಜಾರಿತು. ಒಮ್ಮೆ ಊತ ಬಂದ ಗೊರಸು ಮುದಿತನದಲ್ಲಿ ಹಾಗಾಗುತ್ತದೆ ಎಂದು ಡಾಕ್ಟರ್ ಹೇಳಿದರು. ಈ ಸಲ ಯಾರೂ ತಪ್ಪು ಮಾಡಿರಲಿಲ್ಲ. ಮರಳು ಹಾಸಿದರು, ನೀರು ಸುರಿದರು, ಮಗ್ಗುಲು ತಿರುಗಿಸಿದರು. ಮೂರು ವಾರವಾದರೂ ಅವಳಿಗೆ ಒಂದು ಹೆಜ್ಜೆ ಇಡಲಾಗಲಿಲ್ಲ. ಎದ್ದು ನಿಂತರೆ ನಡುಗುವಳು, ಮಲಗಿದರೆ ನರಳುವಳು. ಇನ್ನು ಸೂಜಿ ಹಾಕಿ ಕಳಿಸಿಕೊಡುವುದೊಂದೇ ದಾರಿ ಎಂದು ಡಾಕ್ಟರ್ ಚನ್ನಪಟ್ಟಣಕ್ಕೆ ಫೋನ್ ಮಾಡಿದರು.

ಗೌಸ್ ಪೀರ್ ಬೆಳಗಿನ ರೈಲಿಗೆ ಬಂದ. ಎಂಟೂ ಜನ ಸೇರಿದ್ದರು. ಸಿದ್ದಪ್ಪಾಜಿ ರಜೆ ಹಾಕಿದ್ದ.

"ನೋವಾಯ್ತದಾ ಡಾಕ್ಟ್ರೇ?"

"ಸೂಜಿ ಚುಚ್ಚಿದಷ್ಟು. ಈಗ ಇರೋ ನೋವು ಅದಕ್ಕಿಂತ ಹೆಚ್ಚು."

ಗೌಸ್ ಪೀರ್ ಅವಳ ಕಣ್ಣಿನ ಮೇಲೆ ಬಿದ್ದ ಕೂದಲು ಸರಿಸಿದ. ಆಮೇಲೆ, "ಆಯ್ತು" ಅಂದ. ಮತ್ತೆ ಕೇಳಿದ. "ಇವತ್ತು ಅವಳು ತಿನ್ನಬಹುದಾ?"

ಡಾಕ್ಟರ್ ಮಂದಣ್ಣ ಕನ್ನಡಕ ತೆಗೆದು ಒರೆಸಿಕೊಂಡರು. "ಇವತ್ತು ಎಷ್ಟು ಬೇಕಾದ್ರೂ ತಿನ್ನಲಿ."

ಅವನು ನನ್ನನ್ನು ಬಾನಿಗೆ ತಟ್ಟಿದ. ಟಣ್, ಟಣ್. ಮರಳಿನ ಮೇಲೆ ಮಲಗಿದ್ದ ಗುಲಾಬಿ ಕಿವಿ ನಿಮಿರಿಸಿದಳು. ನೆನೆಸಿದ ಹುರುಳಿ ನನ್ನೊಳಗೆ ಬಿತ್ತು. ಗೀರಿನ ಮಟ್ಟಕ್ಕೆ ಬಂತು. ಅಭ್ಯಾಸಬಲದಿಂದ ಟೀಚರ್, "ಸಾಕು" ಅಂದುಬಿಟ್ಟು, ತಕ್ಷಣ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅವನ ಕೈ ನಿಲ್ಲಲಿಲ್ಲ. ಗೀರು ಮುಚ್ಚಿತು, ಅರ್ಧವಾಯಿತು, ಮುಕ್ಕಾಲಾಯಿತು. ಮೂರು ವರ್ಷದ ಮೇಲೆ ಗುಲಾಬಿಗಾಗಿ ನಾನು ತಲೆಯವರೆಗೆ ತುಂಬಿದೆ. ಅವನು ಅಂಗೈಯಿಂದ ಸವರಿ ಸಮ ಮಾಡಿದ, ಅಪ್ಪ ಮಾಡುತ್ತಿದ್ದ ಹಾಗೆಯೇ. ತುಂಬಿದ ಸಂತೋಷ, ತುಂಬಿದ್ದು ಯಾಕೆಂಬ ಸಂಕಟ ಎರಡೂ ನನ್ನೊಳಗೆ ಒಟ್ಟಿಗಿದ್ದವು. ಯಾವುದು ಎಷ್ಟೆಂದು ನನ್ನಿಂದ ಅಳೆಯಲಾಗಲಿಲ್ಲ.

ಅವಳು ಅವನ ತೊಡೆಯ ಪಕ್ಕ ತಲೆಯಿಟ್ಟು, ನನ್ನಿಂದಲೇ ತಿಂದಳು. ಅವಸರವಿಲ್ಲದೆ ತಿಂದಳು. ತಳ ಕಂಡ ಮೇಲೆ ಅವನು ಎಲ್ಲರನ್ನೂ ಕರೆದ. "ಬನ್ನಿ. ಎಲ್ಲಾರೂ ಒಂದೊಂದು ಹಿಡಿ ಕೊಡಿ. ಕೊಸರು."

ಒಬ್ಬೊಬ್ಬರಾಗಿ ಬಂದರು. ಟೀಚರ್ ಕೊಟ್ಟರು. ಬೇಕರಿಯ ಗಂಡ ಹೆಂಡತಿ ಜೊತೆಯಾಗಿಯೇ ಬಂದು ಕೊಟ್ಟರು. ಸಿದ್ದಪ್ಪಾಜಿ ಕೊಟ್ಟ. ಮಿಕ್ಕ ಮೂವರೂ ಕೊಟ್ಟರು. ಡಾಕ್ಟರ್ ಕೊಟ್ಟರು. ಯಾರಿಗೂ ಹೇಳಬೇಡ ಎಂದು ಅಂದು ಯಾರೂ ಹೇಳಲಿಲ್ಲ.

ಕೊನೆಯ ಹಿಡಿ ಗೌಸ್ ಪೀರನದು. ಗುಲಾಬಿ ಅವನ ಅಂಗೈಯಿಂದ ಅರ್ಧ ತಿಂದಳು. ಮಿಕ್ಕ ಅರ್ಧವನ್ನು ಮೂಸಿ, ತುಟಿಯಿಂದ ಒಮ್ಮೆ ಸರಿಸಿ, ಹಾಗೇ ಬಿಟ್ಟು ತಲೆಯನ್ನು ಮರಳಿನ ಮೇಲೆ ಇಟ್ಟಳು. ಹೊಟ್ಟೆ ತುಂಬಿತ್ತು. ಇಷ್ಟು ವರ್ಷದಲ್ಲಿ ಅವಳು ಕಾಳು ಬಿಟ್ಟಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಅವನು ಆ ಉಳಿದ ಕಾಳನ್ನು ನೋಡುತ್ತ, "ನೋಡಿ ಅಮ್ಮಾ, ಸಾಕು ಅಂತವಳೆ" ಅಂದ. ಟೀಚರಿಗೆ ತೋರಿಸಿದ, ಡಾಕ್ಟರಿಗೆ ತೋರಿಸಿದ. ಖಾಲಿಯಿದ್ದ ಇನ್ನೊಂದು ಕೈಯನ್ನು ಅವಳ ಜೂಲಿನ ಕೆಳಗಿಟ್ಟು ಉಜ್ಜತೊಡಗಿದ. ಡಾಕ್ಟರ್ ಸೂಜಿ ಹಾಕಿದ ಮೇಲೂ ಬಹಳ ಹೊತ್ತು ಉಜ್ಜುತ್ತಲೇ ಇದ್ದ.

ಆ ಅರ್ಧ ಹಿಡಿ ಕಾಳನ್ನು ಕ್ಯಾಪ್ಟನ್ ತಿಂದಿತು.

ಗೌಸ್ ಪೀರ್ ಹೊರಟಾಗ ನನ್ನನ್ನು ತೆಗೆದುಕೊಂಡು ಹೋಗಿ ಅಂದರು ಟೀಚರ್. ಅವನು ಒಪ್ಪಲಿಲ್ಲ. ಚನ್ನಪಟ್ಟಣದಲ್ಲಿ ಕುದುರೆಯೆಂದರೆ ಮರದ್ದು, ಅದಕ್ಕೆ ಹುರುಳಿ ಬೇಡ ಅಂದ. ಹಾಗಾಗಿ ನಾನು ಇಲ್ಲೇ ಉಳಿದೆ. ಈಗ ನನ್ನ ಅಂಚು ಒಂದು ಕಡೆ ನೆಗ್ಗಿದೆ, ತಳ ತೆಳ್ಳಗಾಗಿದೆ. ಕಾಳಿಗೆ ಕಾಳು ಸರಿಯಾಗಿದ್ದ ಆ ಜಂಬವೂ ಈಗಿಲ್ಲ. ಮೊನ್ನೆ ಹೊಸ ಕುದುರೆಯೊಂದು ಬಂತು, ಇಟ್ಟಿಗೆ ಗೂಡಿನ ಕಡೆಯಿಂದ. ಮೂಳೆಯ ಮೇಲೆ ಚರ್ಮ, ಬೆನ್ನ ತುಂಬ ಹುಣ್ಣು. ಕಣ್ಣು ಮಾತ್ರ ನನ್ನ ಮೇಲೇ ಇತ್ತು. ಟೀಚರ್ ಗೀರಿನವರೆಗೆ ಅಳೆದು ಸುರಿದರು. ಅದು ಎರಡು ಬಾಯಿಗೆ ಮುಗಿಸಿ, ನನ್ನನ್ನು ನೆಕ್ಕಿ, ಹಲಗೆಗೆ ಒದೆಯಿತು.

ಇನ್ನೊಂದು ಹಿಡಿ ಹಾಕಿ ಎಂದು ನನಗೆ ಈಗಲೂ ಅನ್ನಿಸುತ್ತದೆ. ಟೀಚರಿಗೂ ಅನ್ನಿಸುತ್ತದೆ, ಅವರ ಕೈ ಚೀಲದ ಕಡೆ ಹೋಗಿ ನಿಂತದ್ದನ್ನು ನೋಡಿದೆ. ಅವರು ಚೀಲದ ಬಾಯಿ ಕಟ್ಟಿದರು. ಖಾಲಿ ಕೈಯನ್ನು ಅದರ ಜೂಲಿನ ಕೆಳಗಿಟ್ಟು, ಒಂದು, ಎರಡು, ಮೂರು ಎಂದು ಎಣಿಸತೊಡಗಿದರು.